ಜಯತೀರ್ಥ ಬರೆದ ಚೀಟಿ

ಬಾಲಚಂದ್ರ ಸಾಹೇಬರ ಹೆಸರು ಕೇಳಿದರೆ ಈಗಲೂ ನನಗೆ ಮೈ ಉರಿಯುತ್ತದೆ. ನನ್ನ ಮೇಲೂ ಹೇಸಿಗೆಯಾಗುತ್ತದೆ.

ಅರವತ್ತೈದನೇ ಇಸವಿ. ಅಹಮದಾಬಾದಿನ ಒಂದು ವೈರ್‌ಲೆಸ್ ಕಾರ್ಖಾನೆಯಲ್ಲಿ ನಾನು ಟೈಪಿಸ್ಟ್, ಜಯತೀರ್ಥ ಟೆಸ್ಟಿಂಗ್ ಮೆಕ್ಯಾನಿಕ್, ಬಾಲಚಂದ್ರ ನಮ್ಮಿಬ್ಬರ ಸಾಹೇಬರು. ಜಯತೀರ್ಥ ವಿಜಾಪುರದ ಕಡೆಯವನು. ಬಾಯಿ ಜೋರು, ಕೆಲಸ ಅಂದರೆ ಜೀವ ಬಿಡೋನು. ಸೂರತ್ತಿನಲ್ಲಿ ತಾಪಿ ಹೊಳೆ ಉಕ್ಕಿದಾಗ ದೋಣಿಯಲ್ಲಿ ಜನರನ್ನು ಕರೆತರುವವರಿಗೆಂದು, ಎದೆಗೆ ನೇತುಹಾಕಿಕೊಂಡು ದಡದ ಆಫೀಸಿನ ಜೊತೆ ಮಾತಾಡುವ ವೈರ್‌ಲೆಸ್ ಸೆಟ್ಟು ಆಗ ತಯಾರಾಗುತ್ತಿತ್ತು.

ಅದರ ಏರಿಯಲ್ಲಿನ, ಅಂದರೆ ದನಿ ಕಳಿಸುವ ಕಡ್ಡಿಯ, ಪರೀಕ್ಷೆ ಊರಾಚೆಯ ವಸ್ತ್ರಾಪುರದ ಬಯಲಲ್ಲಿ. ಸೆಟ್ಟನ್ನು ಮರದ ಸ್ಟೂಲಿನ ಮೇಲಿಟ್ಟು ಹತ್ತತ್ತು ಡಿಗ್ರಿ ತಿರುಗಿಸೋದು, ದೂರದ ಮೀಟರಿನಲ್ಲಿ ಮುಳ್ಳು ಎಷ್ಟು ಏರಿತು ಅಂತ ಬರೆದುಕೊಳ್ಳೋದು. ಮನುಷ್ಯರು ಹತ್ತಿರ ಸುಳಿದರೆ ರೀಡಿಂಗ್ ಕೆಡುತ್ತದೆ ಎಂದು ಸಾಹೇಬರು ಎಲ್ಲರನ್ನೂ ದೂರ ನಿಲ್ಲಿಸಿದ್ದರು. ಎಲ್ಲ ದಿಕ್ಕಿಗೂ ಒಂದೇ ಸಮ ಬಂತು. ಸಾಹೇಬರು ಪೇಡ ಹಂಚಿದರು.

"ದೋಣ್ಯಾಗ ಸ್ಟೂಲು ಕೂತು ಮಾತಾಡ್ತದೇನ್ರಿ?" ಎಂದ ಜಯತೀರ್ಥ.

ಮಾರನೇ ದಿನ ಮೀಟರು ನೋಡೋಕೆ ನನ್ನನ್ನು ಎಳೆದುಕೊಂಡು ಹೋದ. ಸೆಟ್ಟನ್ನು ಎದೆಗೆ ಹಾಕಿಕೊಂಡು ಬಯಲಲ್ಲಿ ನಿಂತು ನಿಧಾನಕ್ಕೆ ತಿರುಗಿದ. ನನಗೆ ಬೆನ್ನು ಮಾಡಿದ್ದೇ ತಡ, ಮುಳ್ಳು ದಬಕ್ಕನೆ ಬಿತ್ತು. ಅವನ ಮೈಯೇ ಸಿಗ್ನಲ್ಲನ್ನು ನುಂಗಿತ್ತು. ಸೆಟ್ಟನ್ನು ಭುಜದ ಮೇಲಕ್ಕೆ ಎತ್ತಿದಾಗ ಮುಳ್ಳು ಮತ್ತೆ ಏರಿತು.

ನಾನು ಮುಳ್ಳಿನ ಏರಿಳಿತ ಬರೆದುಕೊಂಡಿದ್ದ ಹಾಳೆ ಕಂಡು ಸಾಹೇಬರು, "ಏರಿಯಲ್ ಬದಲಾಯಿಸೋಕೆ ಮತ್ತೆ ಆರು ತಿಂಗಳು ಬೇಕು. ಬಳಸೋರು ಆಫೀಸಿನ ಕಡೆ ಮುಖ ಮಾಡಿ ನಿಲ್ಲಲಿ ಬಿಡಯ್ಯ," ಅಂದರು.

"ನೀರಿನ್ಯಾಗ ಕೊಚ್ಚಿಕೊಂಡು ಹೋಗೋ ಮನಷ್ಯಾ ಆಫೀಸ್ ಯಾವ ಕಡೆ ಅದ ಅಂತ ಹುಡುಕ್ತಾನೇನ್ರಿ ಸಾಹೇಬ್ರ?"

"ನಿನ್ನ ಕೆಲಸ ನೀನು ನೋಡು."

ಥೂ, ಅನ್ನ ತಿನ್ನೋರು ಆಡೋ ಮಾತೇ ಅದು. ಜಯತೀರ್ಥ ಪರೀಕ್ಷೆಯ ಕಾಗದಕ್ಕೆ ಸಹಿ ಹಾಕಲಿಲ್ಲ. ಅವನನ್ನು ಪ್ಯಾಕಿಂಗಿಗೆ ದಬ್ಬಿ ಬೇರೆಯವನಿಂದ ಸಹಿ ಹಾಕಿಸಿದರು. ಪುಣ್ಯಾತ್ಮ ಅಲ್ಲೂ ಸುಮ್ಮನೆ ಕೂರಲಿಲ್ಲ. ಓಣಿಯ ಮೇಷ್ಟ್ರಿಂದ ಗುಜರಾತಿ ತಿದ್ದಿಸಿಕೊಂಡು, ‘ದನಿ ಕೇಳಿಸದಿದ್ದರೆ ಸೆಟ್ಟನ್ನು ಭುಜದ ಮೇಲಕ್ಕೆ ಎತ್ತಿ ಮಾತಾಡಿ’ ಎಂದು ಕೈಯಲ್ಲೇ ಬರೆದು ಪ್ರತಿ ಪೆಟ್ಟಿಗೆಗೂ ಒಂದೊಂದು ಚೀಟಿ ಹಾಕಿದ. ನಲವತ್ತು ಚೀಟಿ.

ಸಾಹೇಬರಿಗೆ ಗೊತ್ತಾಯಿತು. ಅವನು ಊಟಕ್ಕೆ ಹೋದಾಗ ನನ್ನನ್ನು ಗೋಡೌನಿಗೆ ಕಳಿಸಿದರು. ನೌಕರಿಯ ಭಯ, ಮನೆಯಲ್ಲಿ ಬಾಣಂತಿ. ನಲವತ್ತನ್ನೂ ತೆಗೆದು ಕ್ಯಾಂಟೀನಿನ ಒಲೆಗೆ ಹಾಕಿದೆ. ಜಯತೀರ್ಥನಿಗೆ ಹೇಳಲಿಲ್ಲ.

ಆ ಮಳೆಗಾಲ ಸೂರತ್ತಿನಲ್ಲಿ ದೋಣಿಯವನೊಬ್ಬ ಸೆಟ್ಟಿನಲ್ಲಿ ಸಹಾಯಕ್ಕೆ ಕರೆದೂ ಕರೆದೂ ಮುಳುಗಿ ಸತ್ತ. ಪಕ್ಕದ ದೋಣಿಯವರಿಗೆ ಅವನ ಕೂಗು ಕೇಳಿತ್ತಂತೆ, ಸೆಳವಿಗೆ ಹತ್ತಿರ ಹೋಗಲಾಗಲಿಲ್ಲವಂತೆ. ಆಫೀಸಿಗೆ ಒಂದಕ್ಷರವೂ ಕೇಳಲಿಲ್ಲ. ಅವನು ಆಫೀಸಿಗೆ ಬೆನ್ನು ತಿರುಗಿಸಿದ್ದೇ ತಪ್ಪು ಎಂದು ಸಾಹೇಬರು ವರದಿ ಬರೆಸಿದರು. ಟೈಪ್ ಮಾಡಿದವನೂ ನಾನೇ.

ಸಂಜೆ ಜಯತೀರ್ಥ ನನ್ನ ಮೇಜಿನ ಹತ್ತಿರ ಬಂದು ಕೂತ. ಕಣ್ಣು ಕೆಂಪಾಗಿತ್ತು.

"ಅವಗ ಓದ್ಲಿಕ್ಕೆ ಬರ್ತಿದ್ದಿಲ್ಲೇನೋ ಅಚ್ಯುತ. ಚೀಟಿ ಜೋಡಿ ಒಂದು ಚಿತ್ರಾನೂ ಬರದು ಇಡಬೇಕಾಗಿತ್ತು ನಾ. ನಂದೇ ತಪ್ಪು."

"ಇರಬಹುದು," ಅಂದೆ ನಾನು.