ತುಂಬಿ ಮರಳಿದ ಡಬ್ಬಿ

ಹೋದ ತಿಂಗಳು ತಿಕೋಟಾಕ್ಕೆ ಹೋಗುವ ಕೆಲಸ ಬಂತು. ವಿಜಯಪುರದ ನಿಲ್ದಾಣದಲ್ಲಿ ಬಸ್ಸು ಆಗಷ್ಟೇ ಆ ಕಡೆಯಿಂದ ಬಂದು ನಿಂತಿತ್ತು. ಇಳಿಯುವವರು ಇಳಿಯುವ ಮೊದಲೇ ಹತ್ತಿ ಸೀಟು ಹಿಡಿಯುವುದು ನಮ್ಮ ಜಿಲ್ಲೆಯ ಹಳೆಯ ಪದ್ಧತಿ. ನೌಕರಿ ಬಂದು, ತಲೆಗೆ ಬಿಳಿಕೂದಲೂ ಬಂದ ಮೇಲಾದರೂ ನಾನು ಅದನ್ನು ಬಿಡಬೇಕಿತ್ತು, ಬಿಟ್ಟಿಲ್ಲ. ನುಗ್ಗಿ ಮುಂದಿನ ಸೀಟಿನಲ್ಲಿ ಕೂತೆ. ಕೂತದ್ದೇ ತಡ, ಮೂಗಿಗೆ ಬಡಿಯಿತು ನೋಡಿ ಆ ವಾಸನೆ. ಚಾಲಕನ ಪಕ್ಕದಲ್ಲಿ ಎಂಜಿನ್ನಿನ ಮುಚ್ಚಳದ ಮೇಲೆ ಬಟ್ಟೆ ಕಟ್ಟಿದ ಡಬ್ಬಿಗಳು. ಡೀಸೆಲ್ಲು, ಕಾದ ಬಟ್ಟೆ, ನಡುವೆ ಶೇಂಗಾ ಹಿಂಡಿ. ಬಾಗಿಲ ಬಳಿ ನಿಂತ ಹುಡುಗಿಯೊಬ್ಬಳು, "ಅಣ್ಣಾ, ನಮ್ಮದು ಹಸರ ಅರಿವೀದು ನೋಡ್ರಿ" ಎಂದಳು. ಚಾಲಕ ಹಿಂತಿರುಗದೆಯೇ ಕೈಹಾಕಿ ಎತ್ತಿಕೊಟ್ಟ.

ಬೆರಳು ಒತ್ತಿದರೆ ಬಿರಿಯಾನಿ ಬಾಗಿಲಿಗೆ ಬರುವ ಕಾಲ ಇದು. ಆದರೂ ಹಳ್ಳಿಯ ಬುತ್ತಿ ಬಸ್ಸಿನಲ್ಲಿ ಬರುವುದು ಪೂರ್ತಿ ನಿಂತಿಲ್ಲ. ನೀವು ಈ ಕಡೆಯವರಲ್ಲದಿದ್ದರೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಶಹರದಲ್ಲಿ ಓದುವ ಮಕ್ಕಳಿಗೆ ಊರಿನಲ್ಲಿ ಅವ್ವಂದಿರು ನಸುಕಿನಲ್ಲೆದ್ದು ರೊಟ್ಟಿ ಬಡಿದು, ಪಲ್ಲೆ ಮಾಡಿ, ಡಬ್ಬಿಗೆ ತುಂಬಿ, ಬಟ್ಟೆ ಬಿಗಿದು ಮೊದಲ ಬಸ್ಸಿಗೆ ಇಡುತ್ತಾರೆ. ಮಕ್ಕಳು ನಿಲ್ದಾಣಕ್ಕೆ ಹೋಗಿ ಬಿಡಿಸಿಕೊಳ್ಳುತ್ತಾರೆ. ಸಂಜೆಯ ಬಸ್ಸಿಗೆ ತೊಳೆದ ಡಬ್ಬಿ ಮರಳಿ ಹೋಗುತ್ತದೆ. ಚೀಟಿಯಿಲ್ಲ, ವಿಳಾಸವಿಲ್ಲ, ಬಟ್ಟೆಯ ಬಣ್ಣವೇ ಗುರುತು. ನಾನು ಸ್ನಾತಕೋತ್ತರ ಓದಿದ್ದು ಈ ಡಬ್ಬಿಯ ಮೇಲೆಯೇ. ಇತಿಹಾಸದ ಪದವಿ ಪ್ರಮಾಣಪತ್ರದಲ್ಲಿ ಕುಲಪತಿಗಳ ಸಹಿಯ ಕೆಳಗೆ ನಮ್ಮೂರು ಬಬಲೇಶ್ವರದ ಬಸ್ಸಿನ ಚಾಲಕರದ್ದೂ ಒಂದು ಸಹಿ ಇರಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ತೊಳೆದ ಡಬ್ಬಿಯನ್ನು ಬರಿದಾಗಿ ಕಳಿಸುವಂತಿರಲಿಲ್ಲ. ಒಂದು ಚಿಟಿಕೆ ಸಕ್ಕರೆಯನ್ನೋ ನಾಲ್ಕು ಶೇಂಗಾ ಬೀಜವನ್ನೋ ಹಾಕಬೇಕು. "ಖಾಲಿ ಡಬ್ಬಿ ಮನಿ ಹೊಸ್ತಿಲಾ ದಾಟಬಾರದು" ಎಂದು ನಮ್ಮವ್ವನ ಕಟ್ಟಪ್ಪಣೆ. ಇನ್ನು ಊಟವೇ ಹಾಗೇ ಮರಳಿತೆಂದರೆ ಮುಗಿಯಿತು, ಮಗುವಿಗೆ ಏನೋ ಕೆಟ್ಟದ್ದಾಗಿದೆ ಎಂದೇ ಅರ್ಥ. ಒಮ್ಮೆ ನನ್ನ ದೊಡ್ಡಪ್ಪನ ಮಗನ ಡಬ್ಬಿ ಹಾಗೆ ಮರಳಿದ್ದಕ್ಕೆ ಬಬಲೇಶ್ವರದಿಂದ ಒಂದು ಟೆಂಪೋದಷ್ಟು ಜನ ಅಳುತ್ತಾ ಬಂದಿಳಿದರು. ಪುಣ್ಯಾತ್ಮ ಗೆಳೆಯನ ಮದುವೆಯಲ್ಲಿ ಗೋದಿ ಹುಗ್ಗಿ ಉಂಡು ಗೊರಕೆ ಹೊಡೆಯುತ್ತಿದ್ದ. ಅವತ್ತು ಅವನಿಗೆ ಬಿದ್ದ ಏಟು ನೋಡಿದ ಮೇಲೆ ನಾನು ಹೊಟ್ಟೆ ಕೆಟ್ಟ ದಿನವೂ ಡಬ್ಬಿ ಖಾಲಿ ಮಾಡದೆ ಕಳಿಸಿದವಳಲ್ಲ.

ಆಗ ನಾನು ಮತ್ತು ಶಮಾ ಜೋರಾಪುರ ಪೇಟೆಯಲ್ಲಿ ಮಹಡಿಯ ಮೇಲೊಂದು ಕೋಣೆ ಹಿಡಿದಿದ್ದೆವು. ಶಮಾ ತಿಕೋಟಾದವಳು. ಅವರ ಮನೆಯವರದು ದ್ರಾಕ್ಷಿ ತೋಟ. ಅವಳು ಗಣಿತದವಳು, ನಾನು ಇತಿಹಾಸದವಳು, ಹೀಗಾಗಿ ಓದಿನ ವಿಷಯದಲ್ಲಿ ನಮ್ಮ ನಡುವೆ ಜಗಳಕ್ಕೆ ಅವಕಾಶವೇ ಇರಲಿಲ್ಲ. ಜಗಳವೇನಿದ್ದರೂ ಪಲ್ಲೆಯದು. ಅವಳ ತಾಯಿಯ ಕೈಯ ಮುಳಗಾಯಿ ಪಲ್ಲೆಗೆ ನಾನು ಮೊದಲು ಕೈಹಾಕುತ್ತಿದ್ದೆ, ನಮ್ಮವ್ವನ ಪುಂಡಿಪಲ್ಲೆಗೆ ಅವಳು. ಆ ತಾಯಿಯನ್ನು ನಾನು ಖಾಲಾ ಎನ್ನುತ್ತಿದ್ದೆ, ಚಿಕ್ಕಮ್ಮ ಎಂದ ಹಾಗೆ.

ಎರಡನೆಯ ವರ್ಷ ಶುರುವಾದ ಹೊಸತರಲ್ಲಿ ಶಮಾ ಉಣ್ಣುವುದನ್ನು ಬಿಟ್ಟಳು. ಹಿಂದಿನ ಪರೀಕ್ಷೆಯ ಒಂದು ವಿಷಯದಲ್ಲಿ ಅವಳು ನಾಪಾಸಾಗಿದ್ದಳು. ಪದವಿಯವರೆಗೆ ಊರಿಗೇ ಮೊದಲಿಗಳಾಗಿದ್ದ ಹುಡುಗಿ. ಇಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ, ಅದೂ ಫಲಕದ ಕಡೆ ಮುಖ ಮಾಡಿ ಮಾತಾಡುವ ಮೇಷ್ಟರ ಇಂಗ್ಲಿಷು. ಕೇಳಿದರೆ ತನ್ನ ದಡ್ಡತನ ಬಯಲಾದೀತೆಂದು ಅವಳು ಕೇಳಲಿಲ್ಲ. ಅದಕ್ಕಿಂತ ದೊಡ್ಡ ಹೆದರಿಕೆ ಮನೆಯದು. ಅವಳ ಅಣ್ಣ ಮೊದಲೇ ಹೇಳಿದ್ದನಂತೆ, "ಪಾಸಾಗೂತನಕ ಓದು. ನಾಪಾಸಾದ ದಿನಾ ಗಂಟ ಕಟಗೊಂಡು ಬಂದುಬಿಡು" ಎಂದು. ಅವಳಿಗೆಂದು ಒಂದು ಸಂಬಂಧವನ್ನೂ ನೋಡಿಟ್ಟಿದ್ದರು.

ಬುತ್ತಿ ದಿನವೂ ಬರುತ್ತಿತ್ತು. ಶಮಾ ಉಣ್ಣಲೆಂದು ಬಿಚ್ಚುತ್ತಲೇ ಇರಲಿಲ್ಲ. ಮಧ್ಯಾಹ್ನ ಕೆಳಗಿಳಿದು ಮನೆ ಮಾಲೀಕರ ಎಮ್ಮೆಗೆ ರೊಟ್ಟಿ ಹಾಕಿ, ಡಬ್ಬಿ ತೊಳೆದು, ತಪ್ಪದೆ ಒಂದು ಚಿಟಿಕೆ ಸಕ್ಕರೆ ಹಾಕಿ ಬಟ್ಟೆ ಕಟ್ಟುತ್ತಿದ್ದಳು. ಎಮ್ಮೆ ಮೈತುಂಬಿಕೊಂಡಿತು, ಶಮಾ ಬಡಕಲಾದಳು. ಸಕ್ಕರೆ ಹಾಕುವ ಆ ಬೆರಳುಗಳನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು. ತಿಕೋಟಾದಲ್ಲಿ ಖಾಲಾ ಸಂಜೆ ಡಬ್ಬಿ ಬಿಚ್ಚಿ, ಮಗಳು ಉಂಡಳು ಎಂದು ನೆಮ್ಮದಿಯಿಂದ ಇರುತ್ತಿದ್ದಿರಬೇಕು.

"ಒಂದ ತುತ್ತ ತಿನ್ನ ಬೇ" ಎಂದರೆ, "ಹಸಿವಿಲ್ಲ" ಎನ್ನುವಳು. ಊರಿಗೆ ಹೇಳುತ್ತೇನೆಂದು ಹೆದರಿಸಿದರೆ, "ಹೇಳು. ನಾಳಿಗೇ ಅಣ್ಣ ಬಂದು ಕರಕೊಂಡ ಹೊಕ್ಕಾನ. ಆಮ್ಯಾಲ ನೀ ಒಬ್ಬಾಕಿನೇ ಇರು" ಎಂದು ಗೋಡೆಯ ಕಡೆ ಹೊರಳುತ್ತಿದ್ದಳು.

ನಮ್ಮ ಸ್ನಾತಕೋತ್ತರ ಕೇಂದ್ರದಲ್ಲಿ ಇಂಥದ್ದಕ್ಕೆಂದೇ ಒಂದು ವ್ಯವಸ್ಥೆ ಇತ್ತು. ಕಾರಿಡಾರಿನ ನಟ್ಟನಡುವೆ 'ವಿದ್ಯಾರ್ಥಿ ಆಪ್ತಸಲಹಾ ಕೊಠಡಿ' ಎಂದು ಬೋರ್ಡು. ವಾರಕ್ಕೊಮ್ಮೆ ಒಬ್ಬ ಸಭ್ಯ ಮಹನೀಯರು ಬಂದು ಕೂಡುತ್ತಿದ್ದರು. ತೊಂದರೆಯೆಂದರೆ ಎದುರಿಗೇ ಚಹದ ಕಟ್ಟೆ. ಒಳಗೆ ಹೋದವರು ಹೊರಗೆ ಬರುವಷ್ಟರಲ್ಲಿ ಅವರಿಗೆ ತಲೆ ಕೆಟ್ಟಿದೆ ಎಂಬ ಸುದ್ದಿ ಕ್ಯಾಂಟೀನು ಮುಟ್ಟಿರುತ್ತಿತ್ತು. ಶಮಾ ಖಡಾಖಂಡಿತ ಬರುವುದಿಲ್ಲ ಎಂದಳು. ನಾನೇ ಹೋದೆ. "ನನಗೇನಿಲ್ರಿ ಸರ್, ನನ್ನ ಗೆಳತಿಗೆ" ಎಂದು ಶುರುಮಾಡಿದೆ. ಅವರು ಎಲ್ಲ ತಿಳಿದವರಂತೆ ಮೆಲ್ಲಗೆ ನಕ್ಕರು. "ಹೌದಮ್ಮ, ಎಲ್ಲರೂ ಗೆಳತಿ ಅಂತಲೇ ಹೇಳ್ತಾರೆ. ಸಂಕೋಚ ಬೇಡ" ಎಂದು ನನಗೇ ಬಹಳ ಹೊತ್ತು ಧೈರ್ಯ ಹೇಳಿ, ಮೂಗು ಹಿಡಿದು ಉಸಿರಾಡುವುದನ್ನು ಕಲಿಸಿ ಕಳಿಸಿದರು. ಒಳ್ಳೆಯ ಮನುಷ್ಯರು, ಅವರ ಮಾತಿನಿಂದ ನನ್ನ ನೆಗಡಿ ಸಹ ಕಡಿಮೆಯಾಯಿತು. ಸಂಜೆ ನನ್ನ ತರಗತಿಯ ಹುಡುಗಿಯರು ನನ್ನ ತಲೆಗೆ ನಿವಾಳಿಸಲು ನಿಂಬೆಹಣ್ಣು ತಂದುಕೊಟ್ಟರು.

ಫೋನು ಮಾಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಆಗಿನ್ನೂ ಮನೆಗೊಂದು ಮೊಬೈಲು ಬಂದಿದ್ದ ಕಾಲ, ಶಮಾಳ ಮನೆಯದು ಅಣ್ಣನ ಅಂಗಿಯ ಜೇಬಿನಲ್ಲಿತ್ತು. ಚೀಟಿ ಬರೆದಿಡೋಣವೆಂದರೆ ಖಾಲಾಗೆ ಓದಲು ಬಾರದು, ಅದೂ ಅಣ್ಣನ ಕೈಗೇ ಹೋಗುತ್ತಿತ್ತು. ಆ ಮನೆಯಲ್ಲಿ ಖಾಲಾ ಒಬ್ಬಳೇ ಬಿಚ್ಚುವ, ಮತ್ತಾರೂ ಮುಟ್ಟದ ವಸ್ತುವೆಂದರೆ ಈ ಡಬ್ಬಿ. ಇದು ಹೊಳೆದಾಗ ನನಗೆ ಖುಷಿಯೂ ಆಯಿತು, ಹೆದರಿಕೆಯೂ ಆಯಿತು. ತುಂಬಿದ ಡಬ್ಬಿಯನ್ನು ಹಾಗೆಯೇ ಕಳಿಸಿದರೆ ಅವಳ ಓದು ಹೋಗಬಹುದು. ಕಳಿಸದಿದ್ದರೆ ಅವಳೇ ಹೋದಾಳು ಎಂಬಂತಿದ್ದಳು.

ಅವತ್ತು ಅವಳು ಗೋಡೆಯ ಕಡೆ ಮಲಗಿದ್ದಾಗ, "ಇವತ್ತ ಎರಡೂ ಡಬ್ಬಿ ನಾನೇ ತೊಳೀತೇನಿ" ಎಂದು ಕೆಳಗೆ ಒಯ್ದೆ. ನನ್ನದನ್ನು ತೊಳೆದೆ. ಅವಳದನ್ನು ಬಿಚ್ಚಲೇ ಇಲ್ಲ. ಖಾಲಾ ಹಾಕಿದ ಗಂಟು ಹಾಗೆಯೇ ಇತ್ತು. ಎಮ್ಮೆ ಕತ್ತು ಚಾಚಿ ನನ್ನನ್ನೇ ನೋಡುತ್ತಿತ್ತು. ಎರಡನ್ನೂ ಚೀಲಕ್ಕೆ ಹಾಕಿ ಹೊರಡಬೇಕು, ಆಗ ದಿನಗಟ್ಟಲೆ ತರಗತಿಗಲ್ಲದೆ ಎಲ್ಲಿಗೂ ಹೊರಡದಿದ್ದ ಶಮಾ ಜೀನಾದ ಮೆಟ್ಟಿಲು ಇಳಿದು ಬಂದಳು. "ಕೊಡು, ಇವತ್ತ ನಾ ಹೋಗಿ ಬರ್ತೇನಿ. ಒಂದೀಟು ಗಾಳಿಗೆ ಅಡ್ಡಾಡಿದಂಗ ಆಗತೈತಿ" ಎಂದಳು. ಬೇಡ ಎಂದೆ. ಅವಳು ಕೈ ಚಾಚಿಕೊಂಡೇ ನಿಂತಳು. ಹೆಚ್ಚು ಎಳೆದಾಡಿದರೆ ಸಂಶಯ ಬಂದೀತೆಂದು ಚೀಲ ಕೊಟ್ಟುಬಿಟ್ಟೆ. ಅವಳು ಹೆಗಲಿಗೆ ಹಾಕಿಕೊಂಡು ನಡೆದಳು. ಮರಳುವಾಗ ಕತ್ತಲಾಗಿತ್ತು, ಬಂದವಳೇ ಮಲಗಿದಳು. ಗಣಿತದವರಿಗೆ ಲೆಕ್ಕ ಗೊತ್ತು, ತೂಕ ಗೊತ್ತಾಗುವುದಿಲ್ಲ ಎಂದು ಆಮೇಲೆ ವರ್ಷಗಟ್ಟಲೆ ಈ ಕಥೆ ಹೇಳಿ ಎಲ್ಲರನ್ನೂ ನಗಿಸಿದ್ದೇನೆ.

ಮರುದಿನ ಮೊದಲ ಬಸ್ಸಿಗೆ ಬುತ್ತಿ ಬರಲಿಲ್ಲ, ಖಾಲಾ ಬಂದಳು. ಕಾಲಿಗೆ ಒಂದು ತನ್ನ ಚಪ್ಪಲಿ, ಇನ್ನೊಂದು ಯಾರದೋ. ಏದುಸಿರು ಬಿಡುತ್ತಾ ಜೀನಾ ಹತ್ತಿ ಬಾಗಿಲಲ್ಲಿ ನಿಂತು ಮಗಳನ್ನು ನೋಡಿದಳು.

"ಜೀವಂತ ಅದಿಯಲ್ಲ ಬೇ!" ಎಂದವಳೇ ಬೆನ್ನಿಗೆ ಒಂದು ಗುದ್ದಿದಳು. ಗುದ್ದಿದ ಕೈಯಿಂದಲೇ ಎದೆಗೆ ಒತ್ತಿಕೊಂಡು ಅತ್ತಳು. ಶಮಾ ಎಲ್ಲವನ್ನೂ ಹೇಳಿದಳು. ನಾನು ಬಾಗಿಲಿಗೆ ಅಂಟಿಕೊಂಡು, ಈಗ ಗಂಟು ಕಟ್ಟು ಅನ್ನುತ್ತಾಳೆ ಎಂದು ಕಾಯುತ್ತಿದ್ದೆ.

"ನಾಪಾಸಾದ್ರ ಮತ್ತ ಬರ್ಯಾಕ ಬರೂದಿಲ್ಲೇನು?" ಎಂದಳು ಖಾಲಾ.

"ಬರತೈತಿ."

"ಹಂಗಾದ್ರ ಬರಿ. ಒಂದು ರೊಟ್ಟಿ ಹರೀತಂತ ಯಾರರ ಹಿಟ್ಟ ಚೆಲ್ಲತಾರೇನು?"

"ಅಣ್ಣಾ?"

"ಅವಗ ನಾ ಮೊಣಕಾಲಿಗೆ ಔಷಧಿ ತರಾಕ ಹೋಗತೇನಂತ ಹೇಳಿ ಬಂದೇನಿ. ನನ್ನ ಮೊಣಕಾಲು ನಿನ್ನ ಪರೀಕ್ಷಾ ಮುಗಿಯೂತನಕ ಆರಾಮ ಆಗೂದಿಲ್ಲ."

ಹೀಗೆ ಖಾಲಾ ನಮ್ಮ ಕೋಣೆಯಲ್ಲೇ ಉಳಿದಳು. ಬೆಳಿಗ್ಗೆ ರೊಟ್ಟಿ ಬಡಿದು, ಮಗಳನ್ನು ಎದುರಿಗೆ ಕೂಡಿಸಿ ಉಣ್ಣಿಸಿ, ಅವಳ ಜೊತೆ ಕೇಂದ್ರಕ್ಕೂ ಬರುತ್ತಿದ್ದಳು. ಗಣಿತ ವಿಭಾಗದ ಮುಂದಿನ ಬೇವಿನ ಮರದ ಕೆಳಗೆ ಸೆರಗು ಹಾಸಿ, ಒಣದ್ರಾಕ್ಷಿಯ ಕಡ್ಡಿ ಬಿಡಿಸುತ್ತಾ ಕೂಡುವಳು. ಹಾದುಹೋಗುವವರಿಗೆಲ್ಲ ಹಿಡಿ ಹಿಡಿ ಕೊಡುವಳು. ಒಂದು ದಿನ ಆ ಫಲಕದ ಮೇಷ್ಟರು ಹಾದುಹೋದಾಗ ಅವರಿಗೂ ಕೊಟ್ಟು, "ಸಾಹೇಬ್ರ, ನಮ್ಮ ಹುಡಗೀಗೆ ಒಂದೀಟು ಕನ್ನಡದಾಗ ಬಿಡಿಸಿ ಹೇಳ್ರೆಲ್ಲ, ಪುಣ್ಯಾ ಬರತೈತಿ" ಎಂದಳು. ಬಾಯಲ್ಲಿ ದ್ರಾಕ್ಷಿ ಇದ್ದುದರಿಂದ ಅವರಿಗೆ ಇಲ್ಲ ಎನ್ನಲಾಗಲಿಲ್ಲ. ಸಂಜೆ ಶಮಾಳಿಗೆಂದು ಪಾಠ ಇಟ್ಟುಕೊಂಡರೆ ಅರ್ಧ ತರಗತಿ ಬಂದು ಕೂತಿತ್ತು. ಅಷ್ಟು ದಿನ ಎಲ್ಲರೂ ತಿಳಿದವರ ಹಾಗೆ ತಲೆ ಅಲ್ಲಾಡಿಸುತ್ತಿದ್ದರು, ಅಷ್ಟೇ. ಆ ಮೇಷ್ಟರು ಕನ್ನಡದಲ್ಲಿ ಬಹಳ ಚೆನ್ನಾಗಿ ಪಾಠ ಮಾಡುತ್ತಿದ್ದರಂತೆ.

ಶಮಾ ಪಾಸಾದಳು. ಖಾಲಾಳ ಮೊಣಕಾಲೂ ಅದೇ ವಾರ ನೆಟ್ಟಗಾಯಿತು. ಆ ಸಂಬಂಧದವರು ಕಾಯಲಾರದೆ ಬೇರೆ ಕಡೆ ಹೋದರು. ಶಮಾ ಈಗ ತಿಕೋಟಾದಲ್ಲಿ ಗಣಿತದ ಉಪನ್ಯಾಸಕಿ, ಊರಿನ ಹುಡುಗಿಯರಿಗೆ ಕನ್ನಡದಲ್ಲಿ ಬೈದು, ಕನ್ನಡದಲ್ಲಿ ಕಲಿಸಿ, ಇಂಗ್ಲಿಷಿನಲ್ಲಿ ಪಾಸು ಮಾಡಿಸುತ್ತಾಳೆ.

ಹೋದ ತಿಂಗಳು ನಾನು ಹೊರಟಿದ್ದು ಅವಳ ಮನೆಗೇ. ಈ ವರ್ಷ ನನಗೆ, ನಾನು ಪಾಠ ಮಾಡುವ ಕಾಲೇಜಿನಲ್ಲಿ, ಸ್ನಾತಕೋತ್ತರ ವಿದ್ಯಾರ್ಥಿಗಳ ಸಹಾಯ ಕೇಂದ್ರದ ಹೊಣೆ ವಹಿಸಿದ್ದಾರೆ. ನನಗೂ ಒಂದು ಬೋರ್ಡು, ಒಂದು ಮೇಜು, ಎದುರಿಗೆ ಖಾಲಿ ಕುರ್ಚಿ. ಯಾರೂ ಬರುವುದಿಲ್ಲ. ಹೊಸ ಮಕ್ಕಳಿಗೆ ಧೈರ್ಯ ಹೇಳಲು ಶಮಾಳನ್ನು ಕರೆಯೋಣವೆಂದು ಹೋದೆ. ಖಾಲಾ ಅಂಗಳದಲ್ಲಿ ಮಂಚದ ಮೇಲೆ ಮಲಗಿದ್ದಳು. ಕಣ್ಣು ಮಂಜಾಗಿದೆ, ನನ್ನ ಕೈ ಹಿಡಿದು ನೋಡಿಯೇ, "ನೀ ಉಂಡಿಲ್ಲ" ಎಂದಳು. ಉಂಡೆದ್ದು ಚಹ ಕುಡಿಯುವಾಗ ನಾನು ಶಮಾಳಿಗೆ ಹೇಳಿದೆ:

"ನೀ ಮತ್ತೇನೂ ಭಾಷಣಾ ಮಾಡಬ್ಯಾಡ. ನಿನಗ ಗೊತ್ತಾಗದಂಗ ನಾ ತುಂಬಿದ ಡಬ್ಬಿ ಹೆಂಗ ಕಳಿಸಿದೆ, ಅದನ್ನ ಹೇಳು, ಸಾಕು."

ಅವಳು ಕಪ್ಪು ಕೆಳಗಿಟ್ಟಳು. "ಗೊತ್ತಾಗದಂಗ?"

"ಮತ್ತ?"

"ಹುಚ್ಚಿ, ನಾಕ ಹೆಜ್ಜಿ ಇಡೂದರಾಗ ಗೊತ್ತಾತು. ಖಾಲಿ ಡಬ್ಬಿ ನಡದಂಗ ಸಪ್ಪಳ ಮಾಡತೈತಿ. ತುಂಬಿದ್ದು ಸುಮ್ಮ ಇರತೈತಿ. ಚೀಲದಾಗ ನಿಂದು ಸಪ್ಪಳ ಮಾಡತಿತ್ತು, ನಂದು ಸುಮ್ಮ ಇತ್ತು. ನಿಲ್ದಾಣದಾಗ ನಳದ ಬಾಜೂಕ ಕುಂತೆ. ಅಲ್ಲೇ ನಾಯಿಗೆ ಹಾಕಿ ತೊಳದು ಕೊಡಬೌದಿತ್ತು. ಬಸ್ ಬಂತು, ಬಿಟ್ಟೆ. ಕತ್ತಲಾತು. ಕಡೀ ಬಸ್ಸಿಗೆ ಹಂಗ ಇಟ್ಟು ಬಂದೆ."

ನಾನೂ ಕಪ್ಪು ಕೆಳಗಿಟ್ಟೆ.

"ಅಮ್ಮಾನ ಕರೀಬೇಕಂತ ದಿನಾ ಅನಸ್ತಿತ್ತು ನೋಡ್ ಬೇ. ಧೈರ್ಯ ಇರಲಿಲ್ಲ. ನೀ ಕಟ್ಟಿ ಇಟ್ಟಿದ್ದಿ, ನಾ ಬರೇ ಹೊರೂದಿತ್ತು. ಅಟ್ಟ ಧೈರ್ಯ ಇತ್ತು."

ಇಷ್ಟು ವರ್ಷ ಜಂಬದಿಂದ ಹೇಳಿಕೊಂಡು ತಿರುಗಿದ ನನ್ನ ಕಥೆಯಲ್ಲಿ ನಾನು ಮಾಡಿದ್ದು ಅರ್ಧವೇ ಕೆಲಸ. ಉಳಿದರ್ಧವನ್ನು, ಹೆಚ್ಚು ಕಷ್ಟದ ಅರ್ಧವನ್ನು, ಉಪವಾಸವಿದ್ದ ಹುಡುಗಿ ಒಬ್ಬಳೇ ನಿಲ್ದಾಣದಲ್ಲಿ ಕೂತು ಮಾಡಿದ್ದಳು. ಅಳು ಬಂತು, ಅತ್ತೆ. ಖಾಲಾ ಮಂಚದಿಂದಲೇ, "ಯಾಕ, ಚಾಕ್ಕ ಸಕ್ರಿ ಕಡಿಮಿ ಆತೇನ?" ಎಂದು ಕೂಗಿದಳು. ನಾವಿಬ್ಬರೂ ನಗಲು ಶುರುಮಾಡಿದೆವು.

ಮರುದಿನದಿಂದ ನಾನು ಮಧ್ಯಾಹ್ನ ಆ ಬೋರ್ಡಿನ ಕೆಳಗೆ ಕೂಡುವುದನ್ನು ಬಿಟ್ಟೆ. ಹುಡುಗಿಯರು ಊಟಕ್ಕೆ ಕೂಡುವ ಕಟ್ಟೆಗೆ ನನ್ನ ಬುತ್ತಿ ಒಯ್ದೆ. ಮೊದಮೊದಲು ಎದ್ದು ನಿಂತರು, ಮಾತು ನಿಲ್ಲಿಸಿದರು, ಆಮೇಲೆ ನನ್ನ ಪಲ್ಲೆಗೆ ಕೈಹಾಕತೊಡಗಿದರು. ನಿನ್ನೆ ಇಟ್ಟಂಗಿಹಾಳದ ಹುಡುಗಿಯೊಬ್ಬಳು, ಎಲ್ಲರೂ ಕೈತೊಳೆಯಲು ಹೋದ ಮೇಲೂ ಕೂತೇ ಇದ್ದಳು. ಏನನ್ನೂ ಕೇಳಬಾರದೆಂದು ನಾಲಿಗೆ ಕಚ್ಚಿಕೊಂಡು ನಾನೂ ಸುಮ್ಮನೆ ಕೂತೆ. ತರಗತಿಯ ಗಂಟೆ ಹೊಡೆಯಿತು. ನಾನು ಏಳಲಿಲ್ಲ.

"ಮೇಡಮ್ಮಾರ, ನಿಮಗ ಕ್ಲಾಸ್ ಇಲ್ಲೇನ್ರಿ?" ಎಂದಳು.

"ಐತಿ" ಎಂದೆ. "ಹುಡುಗರು ಒಂದೀಟು ಕಾಯತಾರ."

ಅವಳು ಸೆರಗಿನ ಪಿನ್ನು ತೆಗೆದು ಹಾಕಿ, ತೆಗೆದು ಹಾಕಿ, ಕಡೆಗೆ ಹೇಳತೊಡಗಿದಳು.