ಬೀಗ ಹಾಕಿದ ಗೇಟಿನಾಚೆ ನನ್ನ ಕಾರು

ಕಾಸರಗೋಡಿನ ಇಕ್ಕಟ್ಟಿನಲ್ಲಿ ಕಾರು ನಿಲ್ಲಿಸುವವರಿಗೆ ಒಂದು ಮರ್ಯಾದೆ ಇದೆ. ಗೇರಿನಲ್ಲಿ ಇಡಬಾರದು, ಹ್ಯಾಂಡ್‌ಬ್ರೇಕ್ ಎಳೆಯಬಾರದು. ಬೇರೆಯವರಿಗೆ ದಾರಿ ಬೇಕಾದರೆ ದೂಡಿ ಸರಿಸಿಕೊಳ್ಳಲಿ ಎಂದು. ವಾರಕ್ಕೆರಡು ಸಲ ಕುಂಜತ್ತೂರಿನಿಂದ ಅಮ್ಮನನ್ನು ಡಯಾಲಿಸಿಸ್‌ಗೆ ಕರೆತರುವ ನಾನು ಇದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದೆ.

ಆಸ್ಪತ್ರೆಯ ಅಂಗಳದಲ್ಲಿ ಸೈಕಲ್ ನಿಲ್ಲಿಸಲೂ ಜಾಗವಿರುವುದಿಲ್ಲ. ಎದುರಿನ ಕಾಂಪ್ಲೆಕ್ಸಿನ ಮುಂದೆ ಜಾಗವಿತ್ತು, ‘ಅಂಗಡಿಗೆ ಬಂದವರಿಗೆ ಮಾತ್ರ’ ಎಂಬ ಬೋರ್ಡೂ ಇತ್ತು. ಅಮ್ಮನ ಮಾತ್ರೆಗಳನ್ನು ಅಲ್ಲಿನ ಮೆಡಿಕಲ್ಲಿನಲ್ಲೇ ಕೊಳ್ಳುತ್ತಿದ್ದುದರಿಂದ ನಾನೂ ಗಿರಾಕಿಯೇ ಎಂದುಕೊಂಡಿದ್ದೆ.

ಆ ದಿನ ಅಮ್ಮನ ಕೈ ಹಿಡಿದು ರಸ್ತೆ ದಾಟಿ ಬಂದರೆ ಕಾರಿಲ್ಲ. ನೋಡಿದರೆ ಕಟ್ಟಡದ ಹಿಂದೆ, ಕಬ್ಬಿಣದ ಗೇಟಿನಾಚೆ, ಜಲ್ಲಿ ರಾಶಿಯ ಪಕ್ಕ ನಿಂತಿದೆ. ಗೇಟಿಗೆ ಬೀಗ.

“ಕಾಂಪ್ಲೆಕ್ಸಿನ ಧನಿ ಹೇಳಿದ್ದು ಅಕ್ಕ,” ಎಂದ ವಾಚ್‌ಮನ್. “ಜೀಪಿಗೆ ಹಗ್ಗ ಕಟ್ಟಿ ಎಳೆದದ್ದು. ನೀವು ನ್ಯೂಟ್ರಲಲ್ಲಿ ಇಟ್ಟದ್ದು ಒಳ್ಳೆದಾಯ್ತು, ಗಾಡಿಗೆ ಎಂತದೂ ಆಗ್ಲಿಲ್ಲ.”

ನನ್ನ ಮರ್ಯಾದೆಗೆ ಸಿಕ್ಕ ಬಹುಮಾನ! ಬೀಗದ ಕೈ ಧನಿಯ ಕಿಸೆಯಲ್ಲಿ, ಧನಿ ಯಾವುದೋ ಮದುವೆ ಮನೆಯಲ್ಲಿ. ನಮ್ಮ ಮನೆಯ ಬೀಗದ ಕೈ ಕಾರಿನೊಳಗೆ. ಟ್ಯಾಕ್ಸಿ ಮಾಡಿ ಹೋದರೂ ಜಗಲಿಯಲ್ಲೇ ಕೂರಬೇಕು. ಡಯಾಲಿಸಿಸ್ ಆದ ಮೇಲೆ ಅಮ್ಮನಿಗೆ ಚಳಿ ಹಿಡಿಯುತ್ತದೆ. ಅವಳ ಶಾಲು ಹಿಂದಿನ ಸೀಟಿನಲ್ಲಿತ್ತು, ಗೇಟಿನ ಸರಳುಗಳ ನಡುವೆ ಕಾಣುತ್ತಲೂ ಇತ್ತು.

ಮೆಡಿಕಲ್ಲಿನವರು ಕೊಟ್ಟ ಸ್ಟೂಲಿನಲ್ಲಿ ಅಮ್ಮನನ್ನು ಕೂರಿಸಿ, ವಕೀಲನಾದ ಚಿಕ್ಕಮ್ಮನ ಮಗನಿಗೆ ಫೋನು ಮಾಡಿದೆ. ಅವನಿಗೆ ಹುರುಪು ಬಂತು.

“ಅವನದ್ದೇ ಜಾಗ ಆದ್ರೂ ಗಾಡಿ ಎಳೆದು ಕೂಡಿ ಹಾಕ್ಲಿಕ್ಕೆ ಅವನಿಗೆ ಹಕ್ಕಿಲ್ಲ ಅಕ್ಕ. ತೊಂದ್ರೆ ಆದ್ರೆ ಪೊಲೀಸರಿಗೆ ಹೇಳ್ಬೇಕಿತ್ತು. ನೀವು ಕಂಪ್ಲೇಂಟ್ ಕೊಡಿ, ಬಿಡ್ಬೇಡಿ.”

“ಕೊಟ್ರೆ ಕಾರು ಇವತ್ತೇ ಸಿಗ್ತದಾ?”

ಅವನ ಹುರುಪು ಇಳಿಯಿತು. “ಅದು ಹೇಳ್ಲಿಕ್ಕಾಗುದಿಲ್ಲ. ಕೇಸಾದ್ರೆ ಗಾಡಿ ಸ್ಟೇಷನಲ್ಲೇ ನಿಂತ್ರೂ ನಿಂತೀತು.”

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗಾಯಿತು. ಕಾನೂನು ನನ್ನ ಕಡೆಗಿತ್ತು, ಕಾರು ಅವನ ಕಡೆಗಿತ್ತು. ನಾಡಿದ್ದು ಮತ್ತೆ ಡಯಾಲಿಸಿಸ್.

ಬಿಸಿಲು ಇಳಿಯುವ ಹೊತ್ತಿಗೆ ಧನಿ ಬಂದ. ನನಗಿಂತ ಚಿಕ್ಕವನು, ಮೈಯೆಲ್ಲ ಅತ್ತರಿನ ಘಮ. ನಾನೂ ಇಲ್ಲಿನ ಗಿರಾಕಿಯೇ, ಅಮ್ಮನ ಮಾತ್ರೆ ಇಲ್ಲೇ ಕೊಳ್ಳುವುದು ಎಂದೆ.

“ಒಂದು ಸ್ಟ್ರಿಪ್ ಮಾತ್ರೆಗೆ ಇಡೀ ದಿನ ಪಾರ್ಕಿಂಗಾ? ನನ್ನ ಅಂಗಡಿಯವ್ರು ನನಗೆ ಬೈತಾರೆ. ತಪ್ಪಾಯ್ತು ಅಂತ ಹೇಳಿ, ಗಾಡಿ ತಗೊಂಡೋಗಿ.”

ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ. “ತಪ್ಪು ನಿಮ್ಮದು. ಗಾಡಿ ಮುಟ್ಲಿಕ್ಕೆ ನಿಮಗೆ ಹಕ್ಕಿಲ್ಲ,” ಎಂದು ವಕೀಲ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

“ಹಾಗಾದ್ರೆ ಕೋರ್ಟಿಂದಲೇ ತಗೊಳ್ಳಿ,” ಎಂದು ಅವನು ಬೀಗದ ಕೈಯನ್ನು ಮತ್ತೆ ಕಿಸೆಗೆ ಹಾಕಿಕೊಂಡ.

ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು, ಅದನ್ನು ಹೇಳಲು ಮನಸ್ಸು ಒಪ್ಪಲಿಲ್ಲ. ಅಷ್ಟರಲ್ಲಿ ಹಿಂದೆ ಸ್ಟೂಲು ಸರಿದ ಸದ್ದಾಯಿತು. ಅಮ್ಮ ಗೋಡೆ ಹಿಡಿದುಕೊಂಡು ಬಂದು, ಬ್ಯಾಂಡೇಜು ಸುತ್ತಿದ ಕೈಯನ್ನು ಇನ್ನೊಂದಕ್ಕೆ ಜೋಡಿಸಿದಳು.

“ತಪ್ಪಾಯ್ತು ಮಗಾ. ಗೇಟು ತೆಗಿ.”

ಅವನು ಅವಳ ಮುಖ ನೋಡದೆ ಬೀಗ ತೆಗೆದ. ನನಗೆ ಅವನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಅಮ್ಮನ ಮೇಲೆ ಬಂತು, ಅಳುವೂ ಬಂತು.

ಶಾಲು ಹೊದ್ದು ಹಿಂದಿನ ಸೀಟಿನಲ್ಲಿ ಮಲಗಿದ್ದ ಅಮ್ಮ ಊರು ಹತ್ತಿರವಾದಾಗ ಮೆಲ್ಲಗೆ ಕೇಳಿದಳು:

“ನಾಡಿದ್ದು ಎಲ್ಲಿ ನಿಲ್ಲಿಸ್ತಿ?”