ಹುಳದ ಜೊತೆಯ ಪಥ್ಯ

ಶಿಡ್ಲಘಟ್ಟದ ಬಳಿಯ ನಮ್ಮೂರಿನಲ್ಲಿ ಪಕ್ಕದ ಮನೆಯ ಯಜಮಾನರು ರೇಷ್ಮೆಹುಳ ಸಾಕುತ್ತಿದ್ದರು. ತಟ್ಟೆ ಜೋಡಿಸಿದ ಸ್ಟ್ಯಾಂಡುಗಳ ಸಂದಿಯಲ್ಲಿ ಅವರ ಹೊಟ್ಟೆ ತೂರುತ್ತಿರಲಿಲ್ಲ, ಹಾಗಾಗಿ ಸೊಪ್ಪು ಹಾಕುವುದೆಲ್ಲ ಹೆಂಡತಿಯದೇ. "ಹುಳ ಹಣ್ಣಾಗಿ ಗೂಡು ಕಟ್ಟೋಕೆ ಬಿಡೋ ದಿನ ಅಷ್ಟೂ ಹುಳ ಒಬ್ಳೇ ಆಯೋಕಾಗಲ್ಲ. ಅಷ್ಟರಲ್ಲಿ ನೀವು ಕರಗದಿದ್ರೆ ಈ ಬೆಳೆ ಹೋದಂಗೇ," ಎಂದು ಆಕೆ ಹೇಳಿಬಿಟ್ಟರು.

ಯಜಮಾನರು ಚಿಕ್ಕಬಳ್ಳಾಪುರದ ಪಂಡಿತರಿಂದ ಮೈ ಇಳಿಸುವ ಚೂರ್ಣ ತಂದರು. ಜೊತೆಗೆ ಪಥ್ಯ: ಹೊತ್ತಿಗೆ ಸರಿಯಾಗಿ ಊಟ, ಆಗಾಗ ಉಪವಾಸ. ಹೊತ್ತು ನೋಡಲು ಮನೆಯಲ್ಲಿ ಗಡಿಯಾರವಿರಲಿಲ್ಲ.

"ಹುಳ ತಿಂದಾಗ ತಿಂತೀನಿ, ಅವು ಜ್ವರಕ್ಕೆ ಕೂತಾಗ ನಾನೂ ಉಪವಾಸ. ಮಿಕ್ಕಿದ್ದು ಔಷಧಿ ನೋಡ್ಕೊಳ್ತದೆ ಬಿಡಪ್ಪ," ಎಂದು ನನ್ನೆದುರು ಹೊಟ್ಟೆ ತಟ್ಟಿಕೊಂಡರು. ಪೊರೆ ಬಿಡುವ ಮುಂಚೆ ಹುಳ ಮೇವು ಬಿಡುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ.

ನಾಲ್ಕು ಜ್ವರಕ್ಕೆ ನಾಲ್ಕು ಉಪವಾಸವಾಗಿ, ಯಜಮಾನರು ಅಡ್ಡಡ್ಡ ಸರಿದು ಸಂದಿಯಲ್ಲಿ ಹೋಗಿಬಂದರು. ಆದರೆ ನಾಲ್ಕನೇ ಜ್ವರದಿಂದ ಎದ್ದ ಹುಳಕ್ಕೆ ಬಿಡುವಿಲ್ಲದ ಹಸಿವು. ಯಜಮಾನರೂ ಮಾತಿಗೆ ತಪ್ಪಲಿಲ್ಲ. ಸೊಪ್ಪಿನ ಬುಟ್ಟಿ ಒಳಗೆ ಹೋದಾಗಲೆಲ್ಲ ಒಂದು ಮುದ್ದೆ, ಅವರೆಕಾಳಿನ ಸಾರು.

"ರೀ, ಅವು ತಿಂದು ರೇಷ್ಮೆ ಕೊಡ್ತವೆ. ನೀವೇನು ಕೊಡ್ತೀರಾ?"

"ಔಷಧಿ ನೋಡ್ಕೊಳ್ತದೆ ಬಿಡೇ."

ಹುಳ ಹಣ್ಣಾದ ಬೆಳಗ್ಗೆ ಸಂದಿಗೆ ನುಗ್ಗಿದವರು ನಡುವೆಯೇ ಸಿಕ್ಕಿಕೊಂಡರು. ಹಿಡಿದೆಳೆದರೆ ತಟ್ಟೆಗಳೆಲ್ಲ ನೆಲಕ್ಕೆ. ಆಕೆ ಒಂದು ಗಳಿಗೆ ನೋಡಿ, "ಅಳ್ಳಾಡ್ಬೇಡಿ. ನಿಂತಲ್ಲೇ ಆಯ್ರಿ," ಎಂದು ಒಂದೊಂದೇ ತಟ್ಟೆಯನ್ನು ಅವರ ಕೈಗೇ ಕೊಟ್ಟರು. ಊಟವಿಲ್ಲದೆ, ಕೂರಲು ಜಾಗವಿಲ್ಲದೆ, ಬೆವರು ಸುರಿಸುತ್ತ ಯಜಮಾನರು ಕಡೆಯ ಹುಳದವರೆಗೂ ಆಯ್ದರು. ಸಂಜೆಗೆ, ಯಾರೂ ಎಳೆಯದೆ, ತಾವಾಗಿಯೇ ಹೊರಗೆ ಬಂದರು.